ಯುಗಾದಿಗೆ ಮನೆಯಲ್ಲೇ 40 ಜನಕ್ಕೆ ಒಬ್ಬಟ್ಟಿನೂಟ: ಅಳತೆ ಹೇಗೆ?

ಪ್ರಶ್ನೆ
ಈ ಸಲ ಹಬ್ಬಕ್ಕೆ ಅಣ್ಣತಮ್ಮಂದಿರ ಸಂಸಾರ, ಸೋದರತ್ತೆ ಮನೆಯವರು ಎಲ್ಲ ಸೇರಿ 40 ಜನ, ಅದರಲ್ಲಿ ಹತ್ತು ಮಕ್ಕಳು. ಅಡುಗೆಯವರನ್ನು ಕರೆಸುತ್ತಿಲ್ಲ. ಎರಡು ಒಲೆಯ ಸ್ಟೌ, ಜೊತೆಗೊಂದು ದೊಡ್ಡ ಬರ್ನರ್ ಇದೆ. ಒಬ್ಬಟ್ಟಿಗೆ ಬೇಳೆ ಎಷ್ಟು ಹಾಕಬೇಕು? ಹೂರಣ ಹಿಂದಿನ ದಿನವೇ ಮಾಡಿಡಬಹುದಾ? ಗೊತ್ತಿರೋರು ಹೇಳಿ.

ಉತ್ತರ 1
ತಲೆಗೆ ಎರಡರಂತೆ 80, ಮೇಲೆ ಹತ್ತು ಸೇರಿಸಿ 90 ಒಬ್ಬಟ್ಟು ಮಾಡಿ. ತೊಗರಿಬೇಳೆ 2 ಕಿಲೋ, ಬೆಲ್ಲ ಒಂದೂಮುಕ್ಕಾಲು ಕಿಲೋ. ಕಣಕಕ್ಕೆ ಮೈದಾ 1 ಕಿಲೋ, ಚಿರೋಟಿ ರವೆ ಅರ್ಧ ಕಿಲೋ, ಚಿಟಿಕೆ ಅರಿಶಿನ. ಎಣ್ಣೆಗೆ ಜಿಪುಣತನ ಬೇಡ, 350 ಎಂಎಲ್ ಆದರೂ ಹಿಡಿಯುತ್ತದೆ. ಚೆನ್ನಾಗಿ ನಾದಿ, ಮೇಲೆ ಎಣ್ಣೆ ಬಿಟ್ಟು ಮೂರು ಗಂಟೆ ನೆನೆಯಲು ಬಿಡಿ.

ಬೇಳೆಯನ್ನು ಕುಕ್ಕರ್‌ನಲ್ಲಿ ಕೂಗಿಸಬೇಡಿ. ತೆರೆದ ಪಾತ್ರೆಯಲ್ಲಿ ಧಾರಾಳ ನೀರಿಟ್ಟು ಬೇಯಿಸಿ. ಹಿಚುಕಿದರೆ ನುಣ್ಣಗಾಗಬೇಕು, ಆಕಾರ ಮಾತ್ರ ಉಳಿದಿರಬೇಕು. ಅರ್ಧ ಗಂಟೆ ಜರಡಿಯಲ್ಲಿ ಬಸಿಯಿರಿ. ಬಸಿದ ನೀರನ್ನು, ಅಂದರೆ ಕಟ್ಟನ್ನು, ಸಾರಿಗೆ ಎತ್ತಿಡಿ. ಆಮೇಲೆ ಬೆಲ್ಲ ಹಾಕಿ ದಪ್ಪ ತಳದ ಬಾಣಲೆಯಲ್ಲಿ ಕೆದಕುತ್ತಾ ಗಟ್ಟಿ ಮಾಡಿ, ನೀರು ಸೋಕಿಸದೆ ರುಬ್ಬಿ. ಕಾಯಿ ಹಾಕದಿದ್ದರೆ ಹಿಂದಿನ ಸಂಜೆ ಮಾಡಿ ಫ್ರಿಜ್ಜಿನಲ್ಲಿಡಬಹುದು. ಕಾಯಿ ಹಾಕುವುದಾದರೆ ಅವತ್ತಿನದು ಅವತ್ತೇ. ಬೇಸಿಗೆಯಲ್ಲಿ ಹುಳಿ ಬರಲು ಹೊತ್ತು ಬೇಕಿಲ್ಲ.

ಎಲ್ಲರೂ ಮರೆಯುವುದು ಕಾವಲಿಯ ಲೆಕ್ಕ. ಒಂದಕ್ಕೆ ಎರಡು ನಿಮಿಷ ಅಂದರೂ 90ಕ್ಕೆ ಮೂರು ಗಂಟೆ. ಎರಡು ಕಾವಲಿ ಇಟ್ಟು, ತಟ್ಟಲು ಇಬ್ಬರು, ಬೇಯಿಸಲು ಒಬ್ಬರು ಕೂತರೆ ಒಂದೂವರೆ ಗಂಟೆ. ಅಷ್ಟು ಹೊತ್ತು ಸ್ಟೌ ಬೇರೆ ಯಾವುದಕ್ಕೂ ಸಿಗದು, ಅನ್ನ-ಸಾರು ದೊಡ್ಡ ಬರ್ನರ್ ಮೇಲೆ.

ಉತ್ತರ 2 (ಧಾರವಾಡ ಕಡೆಯಿಂದ)
ನಮ್ಮ ಕಡೆ ಕಡ್ಲಿಬ್ಯಾಳಿ ಹಾಕ್ತೀವ್ರಿ, ಕಣಕಕ್ಕ ಗೋಧಿಹಿಟ್ಟು. ಹೋಳಗಿ ಹರಿಯೂದು ಬಹಳ ಸಲ ಹೂರ್ಣದ ತಪ್ಪು: ಅರಿಯದ ಬ್ಯಾಳಿ, ಯಾಲಕ್ಕಿ ಸಿಪ್ಪಿ ಉಳದ್ರ ಅಲ್ಲೇ ತೂತು ಬೀಳತೈತಿ. ಯಾಲಕ್ಕಿ ಪುಡಿ ಜರಡಿ ಹಿಡೀರಿ. ಹೂರ್ಣ, ಕಣಕ ಎರಡೂ ಒಂದ ಹದಕ್ಕ ಮೆತ್ತಗ ಇರಬೇಕು. ಫ್ರಿಜ್‌ನಿಂದ ತಗದ ಕೂಡಲೆ ತುಂಬಬ್ಯಾಡ್ರಿ, ತಣ್ಣಗಿನ ಗಟ್ಟಿ ಹೂರ್ಣ ಕಣಕ ಸೀಳತೈತಿ.

ಕಟ್ಟಿನ ಸಾರಿಗೆ ಒಂದು ಹಿಡಿ ಹೂರ್ಣ ಮಸಾಲಿ ಜೋಡಿ ರುಬ್ಬ್ರಿ. 40 ಮಂದಿಗೆ 6 ಲೀಟರ್ ಸಾರು ಬೇಕು, ಅದರಾಗ ಕಟ್ಟು ಅರ್ಧಕ್ಕಿಂತ ಕಡಿಮಿ ಆದ್ರ ರುಚಿ ಇರಂಗಿಲ್ಲ.

ಪ್ರಶ್ನೆ ಕೇಳಿದವರು
ಹೂರಣ ತೆಳ್ಳಗಾಗಿಬಿಟ್ಟರೆ? ಅಕ್ಕಿ, ಮೊಸರು ಎಷ್ಟು?

ಉತ್ತರ 1
ಸಣ್ಣ ಉರಿಯಲ್ಲಿ ಮತ್ತೆ ಕೆದಕಿ, ಬಾಣಲೆ ಬಿಟ್ಟು ಉಂಡೆಯಾಗುವ ತನಕ. ಅವಸರವಿದ್ದರೆ ನುಣ್ಣನೆಯ ಹುರಿಗಡಲೆ ಪುಡಿ ನಾಲ್ಕು ಚಮಚ. ಮೈದಾ ಸುರಿಯುವವರೂ ಇದ್ದಾರೆ, ಹಸಿ ವಾಸನೆ ಬರುತ್ತದೆ, ಬೇಡ.

ಅನ್ನಕ್ಕೆ ಅಕ್ಕಿ 2.5 ಕಿಲೋ, ಮಾವಿನಕಾಯಿ ಚಿತ್ರಾನ್ನಕ್ಕೆ 1.5 ಕಿಲೋ ಸಾಕು; ಒಬ್ಬಟ್ಟಿದ್ದ ದಿನ ಅನ್ನ ಕಡಿಮೆಯೇ ಖರ್ಚಾಗುವುದು. ಮಾವಿನಕಾಯಿ ಹುಳಿ ಒಂದೊಂದು ಒಂದೊಂದು ಥರ, ತುರಿಯನ್ನು ಮೊದಲು ಅರ್ಧ ಬೆರೆಸಿ ರುಚಿ ನೋಡಿ. ಮೊಸರು 3 ಲೀಟರ್, ತುಪ್ಪ ಅರ್ಧ ಕಿಲೋ.

ಉತ್ತರ 3
ಕೋಸಂಬರಿಗೆ ಹೆಸರುಬೇಳೆ ಅರ್ಧ ಕಿಲೋ, ಒಂದು ಗಂಟೆ ನೆನೆದರೆ ಆಯಿತು. ಉಪ್ಪು, ನಿಂಬೆರಸ ಎಲೆ ಹಾಕುವ ಹೊತ್ತಿಗೆ ಹಾಕಿ. ಮೊದಲೇ ಹಾಕಿದರೆ ಸೌತೆಕಾಯಿ ನೀರು ಬಿಟ್ಟು ಕೋಸಂಬರಿ ತೇಲುತ್ತದೆ.

ಎಲೆ 45 ತನ್ನಿ, ಒಂದೆರಡು ಹರಿದೇ ಇರುತ್ತವೆ. ಕುಡಿ ಉಣ್ಣುವವರ ಎಡಕ್ಕೆ ಬರಲಿ. ಮೂರು ಪಂಕ್ತಿ ಮಾಡಿ, ಮಕ್ಕಳು ಮತ್ತು ಹಿರಿಯರು ಮೊದಲ ಪಂಕ್ತಿಗೆ. ಕೊನೆಯ ಪಂಕ್ತಿಗೆ ಅಂತ 30 ಒಬ್ಬಟ್ಟು, ಒಂದು ಪಾತ್ರೆ ಸಾರು ಮೊದಲೇ ಬೇರೆ ಎತ್ತಿಡಿ. ಬಡಿಸಿ ಬಡಿಸಿ ಸುಸ್ತಾದ ಹೆಂಗಸರಿಗೆ ಬರಿ ಮೊಸರನ್ನ ಉಳಿಯುವುದು ಪ್ರತಿ ಹಬ್ಬದ ಹಣೆಬರಹ. ಬಡಿಸುವುದಕ್ಕೆ ಹುಡುಗರನ್ನು ನಿಲ್ಲಿಸಿ.