ರಜಾಯಿ ಚಪ್ಪಟೆ ಆಗಿದೆ, ಮತ್ತೆ ಉಬ್ಬಿಸೋದು ಹೇಗೆ?

ಪ್ರಶ್ನೆ: ನಮಸ್ಕಾರ ಅಣ್ಣ. ರಜಾಯಿ, ಹಾಸಿಗೆ ತುಂಬುವುದೇ ನಿಮ್ಮ ಕಸುಬು ಅಂತ ಈ ಗುಂಪಿನಲ್ಲಿ ಓದಿದೆ, ಅದಕ್ಕೆ ಕೇಳುತ್ತಿದ್ದೇನೆ. ನಮ್ಮ ಮನೆಯಲ್ಲಿ ಒಂದು ದೊಡ್ಡ ಹತ್ತಿ ರಜಾಯಿ ಇದೆ. 6 ವರ್ಷ ಆಯಿತು. ಹೊಸದರಲ್ಲಿ ಅದನ್ನು ಮಡಚಿಟ್ಟರೆ ಬೀರುವಿನ ಬಾಗಿಲು ಮುಚ್ಚುತ್ತಿರಲಿಲ್ಲ. ಈಗ ಚಾದರದ ಹಾಗೆ ತೆಳ್ಳಗಾಗಿದೆ. ಅಂಚಿನಲ್ಲೆಲ್ಲಾ ಗಂಟು ಗಂಟು, ಮಧ್ಯದಲ್ಲಿ ಬರೀ ಬಟ್ಟೆ ಕೈಗೆ ಸಿಗುತ್ತದೆ. ವಾಷಿಂಗ್ ಮಷಿನ್‌ಗೆ ಹಾಕಿ ಒಂದು ಸಲ ತೊಳೆದರೆ ಉಬ್ಬುತ್ತದಾ? ಇಲ್ಲಾ ಎಸೆದುಬಿಡಲಾ?

ಉತ್ತರ: ಮಷಿನ್‌ಗೆ ಈಗಲೇ ಹಾಕಬೇಡಿ ಮೇಡಂ, ಎಸೆಯಲೂ ಬೇಡಿ. ಮೊದಲು ಒಳಗೆ ಏನಿದೆ ಅಂತ ನೋಡಿ. "ಹತ್ತಿ ರಜಾಯಿ" ಅಂತ ನನ್ನ ಹತ್ತಿರ ತರುವವರದ್ದು ಎಷ್ಟೋ ಸಲ ಮೇಲಿನ ಬಟ್ಟೆ ಮಾತ್ರ ಹತ್ತಿ. ಮೂಲೆಯಲ್ಲಿ ಎರಡು ಬೆರಳು ತೂರುವಷ್ಟು ಹೊಲಿಗೆ ಬಿಚ್ಚಿ, ಒಂದು ಚಿಟಿಕೆ ಎಳೆದು ತೆಗೆಯಿರಿ. ಇಕ್ಕಳದಲ್ಲಿ ಹಿಡಿದು, ಸಿಂಕಿನ ಮೇಲೆ ಬೆಂಕಿಕಡ್ಡಿ ತಾಗಿಸಿ. ಕಾಗದ ಸುಟ್ಟ ವಾಸನೆ ಬಂದು, ಮುಟ್ಟಿದರೆ ಪುಡಿಯಾಗುವ ಬೂದಿ ಉಳಿದರೆ ಹತ್ತಿ. ಮುದುಡಿ, ಕರಗಿ, ಗಟ್ಟಿ ಮಣಿ ಆದರೆ ಪಾಲಿಯೆಸ್ಟರ್. ಆ ಮಣಿಯನ್ನು ಬಿಸಿ ಇರುವಾಗ ಮುಟ್ಟಬೇಡಿ, ಚರ್ಮಕ್ಕೆ ಅಂಟಿಕೊಳ್ಳುತ್ತದೆ. ಕೂದಲು ಸುಟ್ಟ ವಾಸನೆ ಬಂದರೆ ಉಣ್ಣೆ ಅಥವಾ ಹಕ್ಕಿ ಪುಕ್ಕ. ಇದು ಗೊತ್ತಾಗದೆ ನಾನು ಏನು ಹೇಳಿದರೂ ಅರ್ಧ ತಪ್ಪೇ ಆಗುತ್ತದೆ.

ನೀವು ನೋಡಿ ಬರುವಷ್ಟರಲ್ಲಿ, ಹತ್ತಿಯೇ ಆಗಿದ್ದರೆ ಅಂತ ಇಟ್ಟುಕೊಂಡು ಹೇಳುತ್ತೇನೆ. ರಜಾಯಿಯ ಉಬ್ಬು ಅನ್ನುವುದು ಎಳೆಗಳ ನಡುವೆ ನಿಂತ ಗಾಳಿ, ಅಷ್ಟೇ. ಬೆಚ್ಚಗಿಡುವುದೂ ಆ ಗಾಳಿಯೇ. ಹತ್ತಿಗೆ ತೇವ ಅಂದರೆ ಪ್ರಾಣ. ಸಾಧಾರಣ ಹವೆಯಲ್ಲೇ 100 ಗ್ರಾಂ ಒಣ ಹತ್ತಿ 8 ಗ್ರಾಂನಷ್ಟು ತೇವ ಹಿಡಿದುಕೊಂಡಿರುತ್ತದೆ. ಪಾಲಿಯೆಸ್ಟರ್ ಅರ್ಧ ಗ್ರಾಂ ಕೂಡ ಹಿಡಿಯುವುದಿಲ್ಲ. ರಾತ್ರಿಯ ಬೆವರು, ಉಸಿರಿನ ತೇವ ಎಲ್ಲಾ ಸೇರಿ ಎಳೆ ಮೆತ್ತಗಾಗುತ್ತದೆ. ಮೇಲೆ ನಮ್ಮ ಭಾರ ಬೀಳುತ್ತದೆ. ಒದ್ದೆ ಬಟ್ಟೆ ಇಸ್ತ್ರಿ ಮಾಡಿದರೆ ಮಡಿಕೆ ಕೂರುತ್ತದಲ್ವಾ, ಹಾಗೆ ಒಳಗೂ ಚಪ್ಪಟೆಯಾಗಿಯೇ ಕೂತುಬಿಡುತ್ತದೆ.

ಆದ್ದರಿಂದ ಮೊದಲು ತೇವ ಓಡಿಸಬೇಕು. ಒಳ್ಳೆ ಬಿಸಿಲು ಇರುವ ದಿನ ಮಂಚದ ಮೇಲೋ ಚಾಪೆಯ ಮೇಲೋ ಅಗಲವಾಗಿ ಹರಡಿ. ಒಂದೇ ಹಗ್ಗದ ಮೇಲೆ ನೇತು ಹಾಕಿದರೆ ಹತ್ತಿ ಎರಡೂ ಕಡೆ ಕೆಳಕ್ಕೆ ಜಾರುತ್ತದೆ, ಮಧ್ಯೆ ಖಾಲಿಯಾಗುತ್ತದೆ. ಮೂರು ನಾಲ್ಕು ಗಂಟೆ ಸಾಕು, ನಡುವೆ ಒಮ್ಮೆ ಮಗುಚಿ. ಬಣ್ಣದ ಬಟ್ಟೆ ಇದ್ದರೆ ಮೇಲೊಂದು ತೆಳು ಬಿಳಿ ಬಟ್ಟೆ ಹಾಸಿ, ಇಲ್ಲದಿದ್ದರೆ ಬಣ್ಣ ಹೋಗುತ್ತದೆ. ಬಿಸಿಲು ಇಳಿಯುವ ಮೊದಲೇ ಒಳಗೆ ತನ್ನಿ. ಸಂಜೆಯ ತಂಪಿಗೆ ಬಿಟ್ಟರೆ ಮಧ್ಯಾಹ್ನ ಬಿಟ್ಟ ತೇವವನ್ನೇ ಮತ್ತೆ ಕುಡಿಯುತ್ತದೆ. ಬಿಸಿ ಆರಿದ ಮೇಲೆ ಇಬ್ಬರು ನಾಲ್ಕು ಮೂಲೆ ಹಿಡಿದು ಕೊಡವಿ. ಹೀಗೆ ಎರಡು ಮೂರು ದಿನ ಮಾಡಿದರೆ ಎಷ್ಟು ಏಳಬೇಕೋ ಅಷ್ಟು ಏಳುತ್ತದೆ.

ಪ್ರಶ್ನೆ (ಇನ್ನೊಬ್ಬರು): ಕೊಡವುವುದಕ್ಕಿಂತ ಕೋಲು ತೆಗೆದುಕೊಂಡು ಚೆನ್ನಾಗಿ ಬಡಿದರೆ ಬೇಗ ಉಬ್ಬುತ್ತದೆ ಸರ್. ನಾವು ಮೊದಲಿಂದ ಹಾಗೇ ಮಾಡೋದು.

ಉತ್ತರ: ಧೂಳು ಹೋಗುತ್ತದೆ, ಒಪ್ಪುತ್ತೇನೆ. ಬಡಿದ ತಕ್ಷಣ ಉಬ್ಬಿದ ಹಾಗೆ ಕಾಣುತ್ತದೆ, ಅದೂ ನಿಜ. ಆದರೆ ಜೋರಾಗಿ ಬಡಿದರೆ ಹಳೆ ಹತ್ತಿಯ ಎಳೆ ತುಂಡಾಗುತ್ತದೆ. ತುಂಡು ಎಳೆ ಒಂದಕ್ಕೊಂದು ಹಿಡಿದುಕೊಳ್ಳುವುದಿಲ್ಲ, ಮುಂದಿನ ಸಲ ಇನ್ನೂ ಬೇಗ ಕೂರುತ್ತದೆ. ಅಂಗೈ ಅಗಲ ಮಾಡಿ ತಟ್ಟಿ, ಸಾಕು. ಬಡಿದ ಜಾಗದಲ್ಲಿ ನೆಲದ ಮೇಲೆ ಬಿಳಿ ನುಣ್ಣನೆ ಪುಡಿ ಬಿದ್ದಿದೆಯಾ ನೋಡಿ. ಅದೆಲ್ಲಾ ಧೂಳಲ್ಲ, ನಿಮ್ಮ ಹತ್ತಿಯೂ ಅದರಲ್ಲಿದೆ.

ಪ್ರಶ್ನೆ (ಮತ್ತೊಬ್ಬರು): ಅಯ್ಯೋ, ನಾನು ಹೋದ ವಾರ ಹತ್ತಿ ರಜಾಯಿ ಮಷಿನ್‌ಗೆ ಹಾಕಿಬಿಟ್ಟೆ! ಈಗ ಒಳಗೆ ತೆಂಗಿನಕಾಯಿ ಗಾತ್ರದ ಉಂಡೆಗಳು. ಏನಾದರೂ ಮಾಡಬಹುದಾ?

ಉತ್ತರ: ಮಾಡಬಹುದು, ಒಂದು ಭಾನುವಾರ ಪೂರ್ತಿ ಹಿಡಿಯುತ್ತದೆ. ಒದ್ದೆ ಇರುವಾಗ ಎಳೆದಾಡಬೇಡಿ. ಪೂರ್ತಿ ಒಣಗಲಿ. ದೊಡ್ಡ ಉಂಡೆಯ ನಡುಭಾಗ ಒಣಗಲು ನೀವು ಅಂದುಕೊಂಡದ್ದಕ್ಕಿಂತ ಜಾಸ್ತಿ ದಿನ ಬೇಕು. ಹಿಂಡಿ ಕೆನ್ನೆಗೆ ಒತ್ತಿ ನೋಡಿ. ತಣ್ಣಗೆ ಅನ್ನಿಸಿದರೆ ಒಳಗೆ ಇನ್ನೂ ನೀರಿದೆ ಅಂತ.

ಒಣಗಿದ ಮೇಲೆ ಒಂದು ಅಂಚು ಪೂರ್ತಿ ಬಿಚ್ಚಿ ಉಂಡೆಗಳನ್ನು ಹೊರಗೆ ತೆಗೆಯಿರಿ. ಈಗ ಹಿಂಜುವ ಕೆಲಸ. ಉಂಡೆಯನ್ನು ನಡುವಿನಿಂದ ಸೀಳಬೇಡಿ. ಹೊರಮೈಯಿಂದ ಚೂರು ಚೂರೇ ಎರಡೂ ಕೈಯಲ್ಲಿ ಬಿಡಿಸುತ್ತಾ ಬನ್ನಿ. ಬೆಳಕಿಗೆ ಹಿಡಿದರೆ ಗಂಟು ಕಾಣದೆ ಜೇಡರ ಬಲೆಯ ಹಾಗೆ ಕಾಣಬೇಕು. ನಾಯಿ, ಬೆಕ್ಕಿನ ಕೂದಲು ಬಾಚುವ ಸಣ್ಣ ತಂತಿ ಹಲ್ಲಿನ ಬ್ರಷ್ ಎರಡು ಇದ್ದರೆ ಕೆಲಸ ಸಲೀಸು. ಒಂದರ ಮೇಲೆ ಹತ್ತಿ ಇಟ್ಟು ಇನ್ನೊಂದರಿಂದ ಮೆಲ್ಲಗೆ ಎಳೆಯಿರಿ. ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ, ಫ್ಯಾನ್ ಆರಿಸಿ. ಫ್ಯಾನ್ ಹಾಕಿಕೊಂಡು ಕೂತವರ ಮನೆ ನೋಡಿದ್ದೇನೆ, ಹೇಳುವ ಹಾಗಿಲ್ಲ.

ವಾಪಸ್ ತುಂಬುವಾಗ ಕೈಯಿಂದ ಒಳಗೆ ತುರುಕಿದರೆ ಮತ್ತೆ ಗಂಟೇ. ಚೀಲವನ್ನು ಒಳಮೈ ಹೊರಗೆ ಮಾಡಿ ನೆಲಕ್ಕೆ ಹಾಸಿ. ಅದರ ಮೇಲೆ ಹಿಂಜಿದ ಅರಳೆ ಸಮನಾಗಿ ಹರಡಿ. ಮುಚ್ಚಿದ ತುದಿಯಿಂದ ಬಾಯಿ ಕಡೆಗೆ ಚಾಪೆಯ ಹಾಗೆ ಎರಡನ್ನೂ ಒಟ್ಟಿಗೆ ಸುತ್ತಿಕೊಂಡು ಬನ್ನಿ. ಕೊನೆಗೆ ಬಾಯಿಯನ್ನು ಸುರುಳಿಯ ಮೇಲೆ ಮಗುಚಿ, ಮೆಲ್ಲಗೆ ಬಿಚ್ಚುತ್ತಾ ಹೋಗಿ. ಅರಳೆ ತಾನಾಗಿ ಒಳಗೆ ಬಂದಿರುತ್ತದೆ. ಬಾಯಿ ಹೊಲಿದು, ಗೇಣಿಗೊಂದು ಸಾಲು ಅಡ್ಡ ಉದ್ದ ಹೊಲಿಗೆ ಹಾಕಿ. ಸಾಲು ದೂರ ಇದ್ದಷ್ಟೂ ಅರಳೆ ಜಾರುತ್ತದೆ. ತೀರಾ ಹತ್ತಿರ ಹಾಕಿದರೆ ಉಬ್ಬಲು ಜಾಗವೇ ಇರುವುದಿಲ್ಲ.

ಪ್ರಶ್ನೆ: ನಮ್ಮದು ಹಕ್ಕಿ ಪುಕ್ಕದ್ದು. ತೊಳೆದು ಒಣಗಿಸಿದೆ, ಹೊರಗೆ ಮುಟ್ಟಿದರೆ ಒಣಗಿದೆ. ಆದರೂ ಒದ್ದೆ ನಾಯಿಯ ವಾಸನೆ, ಉಬ್ಬೂ ಇಲ್ಲ.

ಉತ್ತರ: ಒಣಗಿಲ್ಲ. ಹೊರಬಟ್ಟೆ ಒಣಗಿದೆ, ಪುಕ್ಕ ಒಣಗಿಲ್ಲ. ಡ್ರೈಯರ್ ಇದ್ದರೆ ಕಡಿಮೆ ಬಿಸಿಯಲ್ಲಿ, ಎರಡು ಮೂರು ಶುಭ್ರವಾದ ಟೆನ್ನಿಸ್ ಚೆಂಡು ಜೊತೆಗೆ ಹಾಕಿ ಓಡಿಸಿ. ಚೆಂಡು ಬಡಿಯುತ್ತಾ ಅಂಟಿದ ಪುಕ್ಕ ಬಿಡಿಸುತ್ತದೆ. ಅರ್ಧ ಗಂಟೆಗೊಮ್ಮೆ ಹೊರಗೆ ತೆಗೆದು, ಕೈಗೆ ಸಿಕ್ಕ ಗಂಟು ಬೆರಳಲ್ಲಿ ಬಿಡಿಸಿ ಮತ್ತೆ ಹಾಕಿ. ಮೂರು ಗಂಟೆಗೂ ಜಾಸ್ತಿ ಹಿಡಿಯಬಹುದು. ಡ್ರೈಯರ್ ಇಲ್ಲದಿದ್ದರೆ ಗಾಳಿ ಆಡುವ ನೆರಳಲ್ಲಿ ಹರಡಿ, ಅದೇ ಕೆಲಸ ಕೈಯಲ್ಲೇ ಮಾಡಬೇಕು. ಫ್ಯಾಬ್ರಿಕ್ ಸಾಫ್ಟ್‌ನರ್ ಹಾಕಿದ್ದರೆ ಇನ್ನೊಮ್ಮೆ ಬರೀ ನೀರಲ್ಲಿ ಜಾಲಾಡಿಸಿ. ಅದು ಪುಕ್ಕದ ಮೇಲೆ ಪದರ ಕಟ್ಟುತ್ತದೆ. ಬಟ್ಟೆಯಿಂದ ಪುಕ್ಕದ ತುದಿ ಹೊರಗೆ ಚುಚ್ಚಿದರೆ ಎಳೆದು ಕೀಳಬೇಡಿ, ರಂಧ್ರ ದೊಡ್ಡದಾಗುತ್ತದೆ. ಹಿಂದಿನ ಮಗ್ಗುಲಿಂದ ಚಿವುಟಿ ಒಳಗೆ ಎಳೆದುಕೊಳ್ಳಿ.

ಪ್ರಶ್ನೆ: ಬೇಸಿಗೆಯಲ್ಲಿ ಗಾಳಿ ಎಳೆಯುವ ವ್ಯಾಕ್ಯೂಮ್ ಚೀಲದಲ್ಲಿ ಇಡಬಹುದಾ ಅಣ್ಣ? ಜಾಗ ಉಳಿಯುತ್ತದೆ.

ಉತ್ತರ: ಊರಿಗೆ ಸಾಗಿಸಲು ಒಂದು ವಾರ ಆದರೆ ಸರಿ. ಆರು ತಿಂಗಳು ಬೇಡ. ಉಬ್ಬು ಅಂದರೇ ಗಾಳಿ ಅಂತ ಮೇಲೆ ಹೇಳಿದೆನಲ್ಲ, ಅದನ್ನೇ ಹೀರಿ ತೆಗೆದು ಒತ್ತಿಟ್ಟರೆ ಎಳೆ ಆ ಆಕಾರಕ್ಕೇ ಒಗ್ಗಿಹೋಗುತ್ತದೆ. ಹತ್ತಿ ಬಟ್ಟೆಯ ಚೀಲದಲ್ಲಿ ಸಡಿಲವಾಗಿ ಇಡಿ, ಮೇಲೆ ಸೂಟ್‌ಕೇಸ್ ಹೇರಬೇಡಿ. ಪ್ರತಿ ಸಲ ಒಂದೇ ಗೆರೆಯಲ್ಲಿ ಮಡಚಬೇಡಿ. ನುಸಿಗುಳಿಗೆ ಹಾಕುವವರು ಮಕ್ಕಳ ರಜಾಯಿಗೆ ಮಾತ್ರ ಹಾಕಬೇಡಿ, ಅದರ ಆವಿ ಎಳೆಮಕ್ಕಳಿಗೆ ಅಪಾಯ.

ಮೊದಲು ಕೇಳಿದವರು: ಅಣ್ಣ, ಬಿಚ್ಚಿ ನೋಡಿದೆ. ಸುಟ್ಟರೆ ಕಪ್ಪು ಮಣಿ ಆಯಿತು! ಅಂಗಡಿಯವರು ಹತ್ತಿ ಅಂತಲೇ ಕೊಟ್ಟಿದ್ದು.

ಉತ್ತರ: ಅಂದುಕೊಂಡೆ. ಹಾಗಾದರೆ ನನ್ನ ಬಿಸಿಲಿನ ಪುರಾಣ ಮರೆತುಬಿಡಿ. ಇದನ್ನು ತೊಳೆಯಬಹುದು. ಪಾಲಿಯೆಸ್ಟರ್ ಎಳೆಗೆ ಉಬ್ಬು ಬರುವುದು ಅದರ ಗುಂಗುರಿನಿಂದ. ಆ ಗುಂಗುರು ಕೂರಿಸುವುದೂ ಕಾರ್ಖಾನೆಯ ಬಿಸಿಯೇ, ಕೆಡಿಸುವುದೂ ಬಿಸಿಯೇ. ಕುದಿಯುವ ನೀರು, ಡ್ರೈಯರಿನ ಜೋರು ಬಿಸಿ, ಇಸ್ತ್ರಿ ಯಾವುದೂ ಬೇಡ. 30 ಡಿಗ್ರಿಯ ನೀರು, ಯಾವಾಗಲೂ ಹಾಕುವ ಸೋಪಿನಲ್ಲಿ ಅರ್ಧ, ಜಾಲಾಡಿಸುವುದು ಒಂದು ಸಲ ಜಾಸ್ತಿ. ಸೋಪು ಒಳಗೆ ಉಳಿದರೂ ಎಳೆ ಅಂಟಿಕೊಳ್ಳುತ್ತದೆ. ಡ್ರಮ್ಮಿನ ಮೇಲ್ಭಾಗದಲ್ಲಿ ಒಂದು ಗೇಣು ಜಾಗ ಉಳಿಯದಿದ್ದರೆ ಮಷಿನ್ ಬೇಡ, ಬಚ್ಚಲಲ್ಲಿ ದೊಡ್ಡ ಟಬ್ಬಿನಲ್ಲಿ ಕಾಲಿಂದ ತುಳಿದು ತೊಳೆಯಿರಿ.

ಒಂದು ಅನುಮಾನ. ಮಧ್ಯೆ ಖಾಲಿ, ಅಂಚಲ್ಲಿ ಗಂಟು ಅಂದಿರಿ. ಅದು ಬರೀ ಕೂತಿದ್ದಲ್ಲ, ಜಾರಿದ್ದು. ಹೊಲಿಗೆ ಎಲ್ಲೆಲ್ಲಿ ಬಿಟ್ಟಿದೆ ನೋಡಿದಿರಾ? ಆರು ವರ್ಷದ್ದು, ಹೊಸದರ ಹಾಗೆ ಆಗುತ್ತದೆ ಅಂತ ಹೇಳಲಾರೆ. ಅರ್ಧಕ್ಕಿಂತ ಜಾಸ್ತಿ ವಾಪಸ್ ಬಂದರೆ ಗೆದ್ದ ಹಾಗೆ.

ಮೊದಲು ಕೇಳಿದವರು: ಇಷ್ಟು ವರ್ಷ ಗಮನಿಸಿಯೇ ಇರಲಿಲ್ಲ. ಈಗ ಎಣಿಸಿದೆ, 11 ಕಡೆ ಬಿಟ್ಟಿದೆ. ಮೊದಲು ತೊಳೆದು ಆಮೇಲೆ ಹೊಲಿಯಲಾ?

ಉತ್ತರ: ಬೇಡ ಬೇಡ. ತೊಳೆದರೆ ಉಳಿದದ್ದೂ ಒಂದೇ ಮೂಲೆಗೆ ಹೋಗಿ ಕೂರುತ್ತದೆ. ಅಂಚಿನ ಗಂಟನ್ನು ಬೆರಳಲ್ಲಿ ಬಿಡಿಸುತ್ತಾ ಮಧ್ಯಕ್ಕೆ ತಳ್ಳಿ, 11 ಕಡೆಯೂ ಹೊಲಿಗೆ ಹಾಕಿ. ನೀರು ಆಮೇಲೆ.