ಕೋಟೆ ಗೋಡೆ ಹತ್ತಿರದ ಮಾಳಿಗೆ ಮನೆ: ಮುಂಭಾಗ ಬದಲಾಯಿಸೋಕೆ ಯಾರ ಅನುಮತಿ ಬೇಕು?

ಕೋಟೆರಸ್ತೆ
ಚಿತ್ರದುರ್ಗದಲ್ಲಿ ಹಳೇ ಮಾಳಿಗೆ ಮನೆ ಇದೆ, ಕೋಟೆಯ ಹೊರಗೋಡೆಗೆ ಸುಮಾರು 70 ಮೀಟರ್. ಮುಂದಿನ ಗೋಡೆಯ ಗಾರೆ ಉದುರುತ್ತಿದೆ, ಮಾಳಿಗೆ ಸೋರುತ್ತೆ. ಗೋಡೆ ಕೆಡವಿ ಅದೇ ಅಳತೆಯಲ್ಲಿ ಇಟ್ಟಿಗೆ ಕಟ್ಟಿ, ಆರ್‌ಸಿಸಿ ಹಾಕಿಸಿ, ಸಜ್ಜಾ ಎರಡಡಿ ಮುಂದೆ ತರೋ ಯೋಚನೆ. ನಗರಸಭೆ ಲೈಸೆನ್ಸ್ ಒಂದಿದ್ರೆ ಸಾಕು ಅಂತಾರೆ ಮೇಸ್ತ್ರಿ. ಹೌದಾ?

ನಕ್ಷೆಗಾರ
ಸಾಲದು ಸರ್. ಕೋಟೆ ಕೇಂದ್ರ ಸಂರಕ್ಷಿತ ಸ್ಮಾರಕ. ಸಂರಕ್ಷಿತ ಗಡಿಯಿಂದ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ 200 ಮೀಟರ್ ನಿಯಂತ್ರಿತ ಪ್ರದೇಶ. ಅಳತೆ ನಿಮ್ಮ ಕಣ್ಣಿಗೆ ಕಾಣೋ ಗೋಡೆಯಿಂದಲ್ಲ, ಸಂರಕ್ಷಿತ ಗಡಿಯಿಂದ. ಮೊದಲು ಅದನ್ನ ಖಚಿತ ಮಾಡ್ಕೊಳ್ಳಿ.

70 ಮೀಟರೇ ಆದ್ರೆ ನಿಮಗೆ ಅನುಮತಿ ಸಿಗೋದು ದುರಸ್ತಿ, ನವೀಕರಣಕ್ಕೆ ಮಾತ್ರ. ಅದೂ ಕಟ್ಟಡ 16-6-1992ಕ್ಕಿಂತ ಮುಂಚಿನದಾಗಿರಬೇಕು, ಇಲ್ಲವೇ ಆಮೇಲೆ ಅನುಮತಿ ಪಡೆದು ಕಟ್ಟಿದ್ದಾಗಿರಬೇಕು. ಕೆಡವಿ ಅದೇ ಉದ್ದ, ಅದೇ ಎತ್ತರಕ್ಕೆ ಕಟ್ಟಿದ್ರೂ ಪ್ರಾಚೀನ ಸ್ಮಾರಕಗಳ ಕಾಯ್ದೆ ಪ್ರಕಾರ ಅದು ಮರುನಿರ್ಮಾಣ. ಅದಕ್ಕೆ ಅವಕಾಶ ಇರೋದು ನಿಯಂತ್ರಿತ ಪ್ರದೇಶದಲ್ಲಿ. ಸಜ್ಜಾ ಮುಂದೆ ತಂದ್ರೆ ವಿಸ್ತರಣೆ, ಅಂದ್ರೆ ಹೊಸ ನಿರ್ಮಾಣದ ಲೆಕ್ಕ. ಅನುಮತಿ ಇಲ್ಲದೆ ಮಾಡಿದ್ರೆ 2 ವರ್ಷದವರೆಗೆ ಜೈಲು ಅಥವಾ 1 ಲಕ್ಷದವರೆಗೆ ದಂಡ, ಎರಡೂ ಆಗಬಹುದು.

ಕಡತ_ನೋಡುವವ
ಅರ್ಜಿ ಹೋಗೋದು ಸಕ್ಷಮ ಪ್ರಾಧಿಕಾರಕ್ಕೆ, ಅಂದ್ರೆ ಈ ಕಾಯ್ದೆಯಡಿ ಅನುಮತಿ ಕೊಡೋಕೆ ನೇಮಿಸಿರೋ ಅಧಿಕಾರಿಗೆ. ಅವರು 15 ದಿನದಲ್ಲಿ ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರಕ್ಕೆ ಕಳಿಸಬೇಕು, ಅಲ್ಲಿಂದ 2 ತಿಂಗಳಲ್ಲಿ ಶಿಫಾರಸು, ಆಮೇಲೆ 1 ತಿಂಗಳಲ್ಲಿ ಆದೇಶ. ಕಾಗದದ ಮೇಲೆ ಮೂರೂವರೆ ತಿಂಗಳು. ಕಡತ ವಾಪಸ್ ಬಂದ್ರೆ ಮಳೆಗಾಲವೇ ಕಳೆದುಹೋಗುತ್ತೆ.

1992ಕ್ಕೆ ಮುಂಚಿನ ಕಂದಾಯ ರಸೀದಿ, ಕ್ರಯಪತ್ರ, ಹಳೇ ಕರೆಂಟ್ ಬಿಲ್ ಹುಡುಕಿಡಿ. ಈಗಿನ ಖಾತೆ ಒಂದೇ ಕೊಟ್ರೆ ಮನೆ ಎಷ್ಟು ಹಳೇದು ಅಂತ ಅದು ಹೇಳಲ್ಲ. ನಾಲ್ಕೂ ದಿಕ್ಕಿನ ಫೋಟೊ, ಈಗಿನ ನಕ್ಷೆ, ಉದ್ದೇಶಿತ ನಕ್ಷೆ ಬೇಕು. ಕೆಲಸಾನ ಬಿಡಿಸಿ ಬರೀರಿ: "ಮುಂಗೋಡೆ ಗಾರೆ ಇಷ್ಟು ಚದರ ಮೀಟರ್, ಕೊಳೆತ ಜಂತೆ (ಮಾಳಿಗೆ ಹೊರೋ ಮರದ ತೊಲೆ) ಇಷ್ಟು". ಬರೀ "ಮನೆ ರಿಪೇರಿ" ಅಂದ್ರೆ ಪ್ರಶ್ನೆ ಬಂದೇ ಬರುತ್ತೆ.

ಸುಣ್ಣಗಾರೆ
ಆರ್‌ಸಿಸಿ ಆಸೆ ಬಿಡಿ. ಮಣ್ಣಿನ ಗೋಡೆ ಆ ಭಾರ ಹೊರಲ್ಲ, ಕೊನೆಗೆ ಗೋಡೆ ಕೆಡವೋಕೇ ಬರುತ್ತೆ. ಕೊಳೆತ ಜಂತೆ ಒಂದೊಂದಾಗಿ ಬದಲಾಯಿಸಿ, ಮೇಲೆ ಕರಲು ಮಣ್ಣು ಹೊಸದಾಗಿ ಹಾಕಿಸಿ, ನೀರು ಹೋಗೋ ದೋಣಿ ಸರಿಮಾಡಿಸಿ. ಗೋಡೆಗೆ ಸಿಮೆಂಟ್ ಬಳಿದ್ರೆ ಒಳಗಿನ ತೇವ ಹೊರಗೆ ಬರಲ್ಲ, ಹಪ್ಪಳದ ಹಾಗೆ ಮಣ್ಣನ್ನೂ ಕಿತ್ತುಕೊಂಡು ಬೀಳುತ್ತೆ. ಅದರ ಬದಲು ಸುಣ್ಣದ ಗಾರೆ ಮಾಡಿಸಿ: ಅರಳಿಸಿದ ಸುಣ್ಣ 1 ಪಾಲು, ಜರಡಿ ಹಿಡಿದ ಮರಳು 3 ಪಾಲು, ಬಳಿದ ಮೇಲೆ ಒಂದು ವಾರ ಒದ್ದೆಯಾಗಿಡಿ.

ಕೋಟೆರಸ್ತೆ
ಸಜ್ಜಾ ಕೈಬಿಟ್ಟೆ. ಮೆಟ್ಟಿಲ ಮೇಲೆ ಸಣ್ಣ ಕೋಣೆ?

ನಕ್ಷೆಗಾರ
ಅದೂ ವಿಸ್ತರಣೆಯೇ ಸರ್, ಮೇಲ್ಮುಖವಾಗಿ. ನಕ್ಷೆಯಲ್ಲಿ ಗೆರೆ ಕೂಡ ಎಳೆಸಬೇಡಿ.