ಸಮರಕಲೆಯ ಐತಿಹಾಸಿಕ ಚಿತ್ರಗಳು ಪರದೇಶದವರನ್ನೂ ಹಿಡಿದು ಕೂರಿಸುವುದು ಹೇಗೆ?

ಪ್ರಶ್ನೆ (ನಜರ್‌ಬಾದ್, ಮೈಸೂರು)

ಕಳೆದ ಭಾನುವಾರ ಆಂಗ್ ಲೀ ನಿರ್ದೇಶನದ ‘ಕ್ರೌಚಿಂಗ್ ಟೈಗರ್, ಹಿಡನ್ ಡ್ರ್ಯಾಗನ್’ (2000) ಚಿತ್ರವನ್ನು ಅಮ್ಮನೊಂದಿಗೆ ನೋಡಿದೆ. ಚೀನೀ ಭಾಷೆಯೂ ಇಂಗ್ಲಿಷೂ ಬಾರದ ಅಮ್ಮ, ಬಿದಿರಿನ ತುದಿಗಳ ಮೇಲೆ ನಡೆಯುವ ಕತ್ತಿಕಾಳಗ ಮುಗಿಯುವವರೆಗೂ ಸುಲಿಯಲೆಂದು ಹಿಡಿದ ಅವರೆಕಾಯಿಯನ್ನು ಹಾಗೆಯೇ ಹಿಡಿದು ಕೂತಿದ್ದರು. ಅಮೆರಿಕದಲ್ಲಿ 12 ಕೋಟಿ ಡಾಲರಿಗೂ ಹೆಚ್ಚು ಗಳಿಸಿ, 4 ಆಸ್ಕರ್ ಪಡೆದ ಚಿತ್ರವದು. ನೋಡುಗರನ್ನು ಹಿಡಿದಿದ್ದು ಕಾಳಗದ ಕೈಚಳಕವೋ, ಅದರ ಹಿಂದಿನ ಬದುಕೋ? ಮುಷ್ಟಿಗೆ ಮೊನಚಾದ ಆಯುಧ ತೊಟ್ಟು ಸೆಣಸುವ ನಮ್ಮ ದಸರೆಯ ವಜ್ರಮುಷ್ಟಿ ಕಾಳಗವನ್ನು ಹೀಗೆ ತೆರೆಗೆ ತಂದರೆ ಹೊರಗಿನವರಿಗೆ ರುಚಿಸೀತೇ?

ಉತ್ತರ (ಮಂಡ್ಯ)

ಹಲವು ವರ್ಷ ಗರಡಿಯ ಮಣ್ಣಿನಲ್ಲಿ ಹೊರಳಿದವನಾಗಿ ಹೇಳುತ್ತೇನೆ ಸರ್, ಎರಡನ್ನೂ ಬೇರ್ಪಡಿಸಲಾಗದು. ಜಪಾನಿನ ನಿರ್ದೇಶಕ ಕುರೊಸಾವ ಅವರ ‘ಸೆವೆನ್ ಸಮುರಾಯ್’ (1954) ಚಿತ್ರದಲ್ಲಿ ಇಬ್ಬರು ಮೊದಲು ಕೋಲು ಹಿಡಿದು ಸೆಣಸುತ್ತಾರೆ. ಪಂದ್ಯ ಸಮವಾಯಿತೆಂದು ಒಬ್ಬ ಹೇಳಿದರೆ, ನಿಜವಾದ ಕತ್ತಿಯಾಗಿದ್ದರೆ ನೀನು ಉಳಿಯುತ್ತಿರಲಿಲ್ಲವೆಂದು ಇನ್ನೊಬ್ಬ ಶಾಂತವಾಗಿ ತಿಳಿಸುತ್ತಾನೆ. ಅದನ್ನು ಒಪ್ಪದವನು ಕತ್ತಿ ಹಿರಿದು, ಒಂದೇ ಏಟಿಗೆ ಕುಸಿಯುತ್ತಾನೆ. ತಾನು ಎದುರಾಳಿಯ ಪಟ್ಟಿನಲ್ಲಿ ಸಿಕ್ಕಿದ್ದು ತನಗೇ ತಿಳಿಯದ ಪೈಲ್ವಾನರನ್ನು ನಾನು ಕಂಡಿದ್ದೇನೆ. ಆದ್ದರಿಂದ ಆ ದೃಶ್ಯಕ್ಕೆ ನನಗೆ ಅನುವಾದ ಬೇಕಾಗಲಿಲ್ಲ. ಹಾಲಿವುಡ್ ಇದೇ ಕಥೆಗೆ ಬಂದೂಕು ಕೊಟ್ಟು 1960ರಲ್ಲಿ ‘ದ ಮ್ಯಾಗ್ನಿಫಿಸೆಂಟ್ ಸೆವೆನ್’ ಮಾಡಿತು.

ಉತ್ತರ (ಸರಸ್ವತಿಪುರಂ, ಮೈಸೂರು)

ಒಂದು ಮಾತು ಸೇರಿಸಬೇಕೆನಿಸುತ್ತದೆ. ಪ್ರಶ್ನೆಯಲ್ಲಿ ಹೆಸರಿಸಿದ ಚಿತ್ರದ ಮುಖ್ಯ ನಟರಾದ ಚೌ ಯುನ್ ಫ್ಯಾಟ್ ಮತ್ತು ಮಿಶೆಲ್ ಯೋ ಅವರ ಮಾತೃಭಾಷೆ ಚಿತ್ರದ ಭಾಷೆಯಾದ ಮ್ಯಾಂಡರಿನ್ ಚೀನೀ ಅಲ್ಲ. ಆ ಭಾಷೆ ಬಲ್ಲ ಅನೇಕರಿಗೆ ಅವರ ಉಚ್ಚಾರಣೆ ಕಿರಿಕಿರಿಯೆನಿಸಿತು, ದೂರದ ನೋಡುಗರಿಗೆ ಅದು ತಿಳಿಯಲೇ ಇಲ್ಲ. ಹೊರಗೆ ಗೆದ್ದ ಚಿತ್ರ ಒಳಗಿನವರಿಗೂ ಸರಿಯೆನಿಸಬೇಕೆಂಬುದು ನನ್ನ ಆಸೆ.

ವಜ್ರಮುಷ್ಟಿಯಲ್ಲಿ ಈ ಅಪಾಯ ಇನ್ನೂ ಹೆಚ್ಚು. ವಿಜಯದಶಮಿಯಂದು, ಜಂಬೂ ಸವಾರಿಗೆ ಮೊದಲು, ಮೈಸೂರು, ಚಾಮರಾಜನಗರ, ಚನ್ನಪಟ್ಟಣ, ಬೆಂಗಳೂರುಗಳ ಜೆಟ್ಟಿ ಎಂಬ ಪಾರಂಪರಿಕ ಕುಸ್ತಿಪಟುಗಳ ಮನೆತನದವರು ತಲೆ ಬೋಳಿಸಿಕೊಂಡು ಅರಮನೆಯ ಆವರಣದಲ್ಲಿ ಎದುರುಬದುರಾಗುತ್ತಾರೆ. ಒಬ್ಬರ ತಲೆಯಿಂದ ರಕ್ತ ಚಿಮ್ಮಿದೊಡನೆ ಕಾಳಗ ನಿಲ್ಲುತ್ತದೆ. ಎಷ್ಟೋ ಸಲ ಅದು ಕೆಲವೇ ಕ್ಷಣಗಳ ಮಾತು. ಇದನ್ನು ಹತ್ತು ನಿಮಿಷ ಎಳೆದರೆ ಜೆಟ್ಟಿಗಳೇ ಎದ್ದು ಹೋಗುತ್ತಾರೆ.

ಪ್ರಶ್ನೆ ಕೇಳಿದವರು

ವಂದನೆಗಳು ಮೇಡಂ. ಹಾಗಾದರೆ ಕ್ಯಾಮೆರಾ ಹೆಚ್ಚು ಹೊತ್ತು ನಿಲ್ಲಬೇಕಾದದ್ದು ಕಾಳಗಕ್ಕೂ ಮೊದಲು, ತಲೆ ಬೋಳಿಸುವ ಕ್ಷೌರದ ಕತ್ತಿಯ ಬಳಿ.